ಎರಡನೇ ಸೈಡಿನ ಹುಡುಗಿ

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ಇದನ್ನು ಹೇಳಬೇಕಾದವಳು ನಾನಲ್ಲ. ಈ ಹಾಡಿನ ಭಾಷೆ ನನಗೆ ಬರುವುದಿಲ್ಲ. ಹಾಡಿನಲ್ಲಿರುವ ದಾರಿಯನ್ನು ನಾನು ನಡೆದಿಲ್ಲ. ಹಾಡಿದವರ ಮುಖವನ್ನೂ ಕಂಡಿಲ್ಲ. ಹಗಲು ದುಡಿದು ಸಂಜೆ ಕಾಲೇಜಿನಲ್ಲಿ ಓದಿದವಳು ನಾನು. ಕೊನೆಯ ಪೀರಿಯಡ್ಡಿನ ಪಾಠಗಳೆಲ್ಲ ತೂಕಡಿಕೆಯಲ್ಲೇ ಕಳೆದುಹೋದವು. ಹಾಗಾಗಿ ನನಗೆ ಗೊತ್ತಿರುವುದೆಲ್ಲ ಅರ್ಧಂಬರ್ಧ ಎಂಬ ಅಳುಕು ಇವತ್ತಿಗೂ ಹೋಗಿಲ್ಲ. ಆದರೆ ಇದು ನಡೆದಾಗ ಕೋಣೆಯಲ್ಲಿದ್ದವರು ನಾಲ್ಕೇ ಜನ. ಒಬ್ಬರು ಬರೆಯುವವರಲ್ಲ, ಒಬ್ಬರಿಗೆ ಬರೆಯಲು ಬಿಡುವಿಲ್ಲ, ಮತ್ತೊಬ್ಬರು ಬರೆದರೆ ಅದು ಅರ್ಧ ತಮಾಷೆಯಾಗಿಬಿಡುತ್ತದೆ. ಉಳಿದವಳು ನಾನು. ಅಲ್ಲದೆ, ತಪ್ಪು ಮಾಡಿದವಳೂ ನಾನೇ.

ನಾನು ಕೆಲಸ ಮಾಡುವುದು ಟಿಬೆಟನ್ನರ ಹಳೆಯ ಧ್ವನಿಮುದ್ರಣಗಳನ್ನೂ ವಿಡಿಯೋಗಳನ್ನೂ ಕಾಪಾಡಿಡುವ ಒಂದು ಸಂಗ್ರಹಾಲಯದಲ್ಲಿ. ಹೆಸರು ಕೇಳಿ ದೊಡ್ಡ ಕಟ್ಟಡ ಎಂದುಕೊಳ್ಳಬೇಡಿ. ಕನ್ನಡಕದ ಅಂಗಡಿಯ ಮೇಲಿನ ಮಹಡಿಯಲ್ಲಿ ಮೂರು ಕೋಣೆ, ಅಷ್ಟೇ. ಮೊದಲನೆಯದರಲ್ಲಿ ಕಬ್ಬಿಣದ ಕಪಾಟುಗಳು, ಅವುಗಳ ತುಂಬ ರೀಲು, ಕ್ಯಾಸೆಟ್ಟು, ವಿಡಿಯೋ ಟೇಪು. ಎರಡನೆಯದರಲ್ಲಿ ಯಂತ್ರಗಳು. ತೇವ ಹಿಡಿದು ಅಂಟಿಕೊಂಡ ಟೇಪುಗಳನ್ನು ಹದವಾದ ಬಿಸಿಯಲ್ಲಿ ಒಣಗಿಸಲು ಅಲ್ಲೊಂದು ಹಣ್ಣು ಒಣಗಿಸುವ ಪೆಟ್ಟಿಗೆಯೂ ಇದೆ. ಅದರ ಬಾಗಿಲ ಮೇಲೆ ಈಗಲೂ ದ್ರಾಕ್ಷಿ ಗೊಂಚಲಿನ ಚಿತ್ರ ಹಾಗೇ ಇದೆ. ಮೂರನೆಯ ಕೋಣೆಯಲ್ಲಿ ನನ್ನ ಮೇಜು, ಹೆಡ್‌ಫೋನು, ಕಾರ್ಡುಗಳ ಡ್ರಾಯರು.

ಊರು ಬಿಟ್ಟು, ಗಡಿ ದಾಟಿ, ಸಿಕ್ಕಸಿಕ್ಕಲ್ಲಿ ಬದುಕು ಕಟ್ಟಿಕೊಂಡವರ ಮನೆಗಳಿಂದ ಟೇಪುಗಳು ನಮ್ಮಲ್ಲಿಗೆ ಬರುತ್ತವೆ. ಬಿಸ್ಕತ್ತಿನ ಡಬ್ಬಿಯಲ್ಲಿ ಬರುತ್ತವೆ, ಚಪ್ಪಲಿ ಪೆಟ್ಟಿಗೆಯಲ್ಲಿ ಬರುತ್ತವೆ, ಒಮ್ಮೆ ಹಳೇ ಪ್ರೆಷರ್ ಕುಕ್ಕರಿನಲ್ಲಿ ಬಂದಿದ್ದವು. ಪ್ರಾರ್ಥನೆ, ಮದುವೆಯ ಹಾಡು, ಕುದುರೆ ಮಾರುವವರ ಚೌಕಾಸಿ, ಅಜ್ಜ ಹೇಳಿದ ಕತೆ, ಕತೆಯ ಮಧ್ಯದಲ್ಲಿ ಅಜ್ಜನ ಕೆಮ್ಮು. ಯಂತ್ರ ಅದನ್ನೆಲ್ಲ ಕಂಪ್ಯೂಟರಿಗೆ ಇಳಿಸುತ್ತದೆ. ನಾನು ಕೂತು ಕೇಳಿ ಕಾರ್ಡು ಬರೆಯುತ್ತೇನೆ. ಎಷ್ಟು ದನಿ, ಹೆಂಗಸೋ ಗಂಡಸೋ, ಯಾವ ವಾದ್ಯ, ಎಷ್ಟನೇ ನಿಮಿಷಕ್ಕೆ ಏನು. ಮಾತಿನ ಅರ್ಥ ನನ್ನ ಪಾಲಿನದಲ್ಲ. ಭಾಷೆ ಬಲ್ಲವರು ಆಮೇಲೆ ಬಂದು ಆ ಜಾಗ ತುಂಬುತ್ತಾರೆ.

ನಮ್ಮಲ್ಲಿ ಒಂದು ನಿಯಮವಿದೆ. ರೀಲಿನ ಎರಡು ಸೈಡುಗಳನ್ನು ಒಂದೇ ದಿನ ಕೇಳಬಾರದು. ಮೊದಲ ಸೈಡಿನ ಗುಂಗಿನಲ್ಲಿರುವ ಕಿವಿ ಎರಡನೆಯದರಲ್ಲೂ ಅದನ್ನೇ ಕೇಳಿಸಿಕೊಳ್ಳುತ್ತದೆ ಎಂಬುದು ಕಾರಣ. ಒಂದು ಸೈಡಿಗೆ ಒಂದು ಕಾರ್ಡು, ನಡುವೆ ಕನಿಷ್ಠ ಎರಡು ದಿನ. ಒಳ್ಳೆಯ ನಿಯಮ. ನಾನು ನಿಯಮಗಳನ್ನು ಪಾಲಿಸುವವಳು. ಮನೆಯಿಂದ ಹೊರಡುವಾಗ ಗ್ಯಾಸಿನ ರೆಗ್ಯುಲೇಟರನ್ನು ಮೂರು ಸಲ ಮುಟ್ಟಿ ನೋಡುವವಳು.

ಯಂತ್ರಗಳನ್ನು ನೋಡಿಕೊಳ್ಳುವವರನ್ನು ನಾವು ರೀಲಣ್ಣ ಅನ್ನುತ್ತೇವೆ. ಮೊದಲು ಟಾಕೀಸಿನಲ್ಲಿ ಸಿನಿಮಾ ಓಡಿಸುತ್ತಿದ್ದರು. ಅವರು ನನ್ನನ್ನು ಕರೆಯುವುದು ‘ಕಾರ್ಡಮ್ಮ’ ಎಂದು.

ಮೂರು ವರ್ಷದ ಹಿಂದೆ ಒಬ್ಬ ವಯಸ್ಸಾದ ಹೆಂಗಸು ಚಹಾದ ಡಬ್ಬಿಯೊಂದನ್ನು ಎದೆಗವಚಿಕೊಂಡು ಮೆಟ್ಟಿಲು ಹತ್ತಿ ಬಂದರು. ಹೊಲಿಗೆ ಕಾರ್ಖಾನೆಯಲ್ಲಿ ನಲವತ್ತು ವರ್ಷ ಕಾಲರು ಹೊಲಿದು ನಿವೃತ್ತರಾದವರು. ಅವರ ಜೊತೆ ಆಸ್ಪತ್ರೆಯಲ್ಲಿ ನರ್ಸಾಗಿರುವ ಮೊಮ್ಮಗಳು ಬಂದಿದ್ದಳು. ಟಿಬೆಟನ್ನರು ತಾಯಿಯ ಸಮಾನರನ್ನು ‘ಅಮಾಲಾ’ ಎಂದು ಗೌರವದಿಂದ ಕರೆಯುತ್ತಾರಂತೆ. ಬಂದುಹೋಗುವವರೆಲ್ಲ ಅವರನ್ನು ಹಾಗೆಯೇ ಕರೆದರು, ನಮಗೂ ಅದೇ ರೂಢಿಯಾಯಿತು.

ಡಬ್ಬಿಯಲ್ಲಿದ್ದದ್ದು ಅಂಗೈಯಗಲದ ಒಂದು ರೀಲು.

“ನಮ್ಮಮ್ಮಂದು. ಗಡಿ ದಾಟಿ ಬಂದ್ಮೇಲೆ ಡೇರೆಯಲ್ಲಿದ್ವಿ. ಯಾರೋ ಒಬ್ರು ಹೆಗಲಿಗೆ ಮೆಷಿನ್ ಹಾಕ್ಕೊಂಡು ಬಂದ್ರು, ಹಾಡಿಸಿದ್ರು, ಇದನ್ನ ಕೈಗಿಟ್ಟು ಹೋದ್ರು. ಮುಂದಿನ ವರ್ಷ ಅಮ್ಮ ಹೋದ್ಲು. ಇದನ್ನ ಹಾಕೋಕೆ ನಮ್ಮ ಹತ್ರ ಮೆಷಿನ್ ಎಲ್ಲಿತ್ತು? ಇಷ್ಟು ವರ್ಷ ಡಬ್ಬಿ ಅಲ್ಲಾಡಿಸಿ ಸದ್ದು ಕೇಳ್ತಿದ್ದೆ, ಅಷ್ಟೇ,” ಎಂದರು ಅಮಾಲಾ.

ಅವರದು ಹೇಸರಗತ್ತೆಗಳ ಮೇಲೆ ಸರಕು ಹೇರಿಕೊಂಡು ತಿಂಗಳುಗಟ್ಟಲೆ ನಡೆಯುವ ವ್ಯಾಪಾರಿಗಳ ಮನೆ. ಹಾಡಿನಲ್ಲಿರುವುದು ದಾರಿ. ಮನೆಯಂಗಳದಿಂದ ಹಿಡಿದು ಕೊನೆಯ ಬೀಡಿನವರೆಗೆ ಇಪ್ಪತ್ತೇಳು ತಂಗುವ ಜಾಗಗಳ ಹೆಸರು ಸಾಲಾಗಿ ಬರುತ್ತವೆ. ಎಲ್ಲಿ ನೀರು ಸಿಹಿ, ಎಲ್ಲಿ ಗಾಳಿಗೆ ಬೆನ್ನು ಕೊಟ್ಟು ಮಲಗಬೇಕು, ಎಲ್ಲಿ ಮಾತಾಡದೆ ನಡೆಯಬೇಕು ಎಂಬುದೂ ಬರುತ್ತದೆ. ಒಂದೊಂದು ಹೆಸರು ಮುಗಿದಾಗಲೂ ಒಮ್ಮೆ ಗಂಟೆ ಬಾರಿಸುತ್ತದೆ. ಆ ದಾರಿ ಹಿಡಿದು ಈಗ ಯಾರೂ ನಡೆಯುವುದಿಲ್ಲ. ಹೆಸರುಗಳನ್ನು ಬಲ್ಲವರು ಯಾರೂ ಉಳಿದಿಲ್ಲ. ಅದು ಇದ್ದದ್ದು ಆ ಚಹಾದ ಡಬ್ಬಿಯಲ್ಲಿ ಮಾತ್ರ. ಇದನ್ನು ಕೇಳಿದ ದಿನ ನಾನು ಕೈ ತೊಳೆದುಕೊಂಡು ಬಂದು ರೀಲನ್ನು ಮುಟ್ಟಿದೆ.

ಸೋಮವಾರ ಮೊದಲ ಸೈಡು ಕೇಳಿದೆ. ಗಟ್ಟಿಯಾದ, ಸ್ವಲ್ಪ ಒರಟಾದ ಹೆಂಗಸಿನ ದನಿ. ಗುರುವಾರ ಎರಡನೆಯದು ಕೇಳಿದೆ. ಚುರುಕಾದ, ತೆಳುವಾದ ಮಗುವಿನ ದನಿ, ಪಟಪಟನೆ ಓಡುವ ಹಾಡು. ಕಾರ್ಡಿನಲ್ಲಿ ಬರೆದೆ: ‘ಬಾಲಕಿ, ಸುಮಾರು ಏಳು ವರ್ಷ. ಗಂಟೆ. ಒಂದು ಕಡೆ ಗದ್ದಲ.’

ಏಳು ಎಂದು ಯಾಕೆ ಬರೆದೆ? ನನ್ನ ಅಕ್ಕನ ಮಗಳಿಗೆ ಆಗ ಏಳು ವರ್ಷ, ದನಿ ಅವಳ ಹಾಗೇ ಕೇಳಿಸಿತ್ತು. ಪುರಾವೆ ಅಷ್ಟೇ. ಭಾಷೆ ಬಲ್ಲವರು ಬಂದು ಕೇಳಿದರು, ಮೊದಲ ಸೈಡಿನ ಹದಿಮೂರು ಹೆಸರುಗಳನ್ನು ಬರೆದುಕೊಂಡರು, ಎರಡನೆಯದರ ಕಾರ್ಡು ನೋಡಿದರು, ‘ಮಗುವಿನ ತೊದಲು, ಮಾತು ಸ್ಪಷ್ಟವಿಲ್ಲ’ ಎಂದು ಕೆಳಗೆ ಸೇರಿಸಿ ಹೋದರು.

ಪ್ರತಿಯನ್ನು ಒಯ್ಯಲು ಅಮಾಲಾ ಬಂದಾಗ ಮೊಮ್ಮಗಳು ಕಾರ್ಡನ್ನು ಓದಿ ಹೇಳಿದಳು. ಅಮಾಲಾ ಅವಳ ಕೈ ಹಿಡಿದು ನಿಲ್ಲಿಸಿದರು.

“ಇನ್ನೊಂದ್ಸಲ ಓದು. ಎಷ್ಟು ವರ್ಷ?”

“ಏಳು, ಅಜ್ಜಿ.”

“ಆಗ ನಂಗೆ ಏಳೇ ಅಲ್ವಾ!”

ಅಲ್ಲೇ ಕುರ್ಚಿಯಲ್ಲಿ ಕೂತುಬಿಟ್ಟರು. ಆಮೇಲೆ, ಅಮ್ಮನಿಗೆ ಸುಸ್ತಾಗಿತ್ತು, ಉಳಿದದ್ದನ್ನು ನೀನು ಹಾಡು ಅಂದಿದ್ದಳು ಎಂದರು. ಮುಂದಿನ ತಿಂಗಳು ಬಂದಾಗ ಅವರಿಗೆ ಅಮ್ಮನ ಕೈ ತಮ್ಮ ಮಂಡಿಯ ಮೇಲಿದ್ದದ್ದೂ ನೆನಪಾಗಿತ್ತು. ಬಾಲ್ಯದ ಒಂದು ಫೋಟೋ ಕೂಡ ಇಲ್ಲದ ಹೆಂಗಸು ಅವರು. ದಾರಿಯಲ್ಲಿ ಎಲ್ಲವನ್ನೂ ಬಿಟ್ಟು ಬಂದವರಿಗೆ ತಮ್ಮದೇ ಏಳು ವರ್ಷದ ದನಿ ಸಿಕ್ಕಿತ್ತು. ದಿನಾ ಬೆಳಿಗ್ಗೆ ಮೊಬೈಲಿನಲ್ಲಿ ಅದನ್ನು ಹಾಕಿಕೊಂಡು ಕೇಳುತ್ತಿದ್ದರು. ಮೊಮ್ಮಗಳು ಆ ಓಟದ ಹಾಡನ್ನೇ ಕಲಿತು ತನ್ನ ಮಗಳಿಗೂ ಕಲಿಸಿದ್ದಳು. ಆ ಪುಟಾಣಿ ಅದನ್ನು ಹೇಳಿಕೊಂಡು ಹಗ್ಗದಾಟ ಆಡುತ್ತಿದ್ದಳಂತೆ.

“ಆ ಕಾರ್ಡು ಬರೆದ ಪುಣ್ಯಾತ್ಮರು ಯಾರು? ಒಂದ್ಸಲ ತೋರಿಸಿ, ಕೈ ಮುಗೀತೀನಿ,” ಎಂದು ಅಮಾಲಾ ಬಂದಾಗಲೆಲ್ಲ ಕೇಳುತ್ತಿದ್ದರು. ನನಗೆ ಸಂಕೋಚ. “ಇಲ್ಲಿ ಎಲ್ಲರೂ ಸೇರಿ ಬರೆಯೋದು” ಎಂದು ಜಾರಿಕೊಳ್ಳುತ್ತಿದ್ದೆ. ಒಳಗೊಳಗೆ ಹಿಗ್ಗಿದ್ದೆ. ಸುಳ್ಳು ಹೇಳಬಾರದು, ತುಂಬಾನೇ ಹಿಗ್ಗಿದ್ದೆ.

ಈ ವರ್ಷ ಹಳೆಯ ರೀಲುಗಳ ಶಾಶ್ವತ ಪ್ರತಿ ಮಾಡುವ ಕೆಲಸ ಶುರುವಾಯಿತು. ಎರಡು ಸೈಡುಗಳನ್ನು ಒಂದಕ್ಕೊಂದು ಜೋಡಿಸಿ ಒಂದೇ ಫೈಲು ಮಾಡಬೇಕು. ಜೋಡಿಸಿದ ಜಾಗದಲ್ಲಿ ಏನಾದರೂ ತುಂಡಾಗಿದೆಯೇ ಎಂದು ನೋಡುವ ಪಾಳಿ ನನ್ನದು. ಅಮಾಲಾರ ರೀಲು ಬಂತು. ಮೊದಲ ಸೈಡಿನ ಕೊನೆಯ ಗಂಟೆ ಕೇಳಿಸಿತು. ಅದರ ಬೆನ್ನಿಗೇ ಎರಡನೇ ಸೈಡಿನ ಮೊದಲ ಗಂಟೆ.

ಎರಡೂ ಬೇರೆ. ಎರಡನೆಯದು ಮೇಲಿನ ಶ್ರುತಿಯಲ್ಲಿತ್ತು, ಪುಟ್ಟ ಗಂಟೆಯ ಹಾಗೆ. ಮೂರು ವರ್ಷದ ಹಿಂದೆ ನಡುವೆ ಎರಡು ದಿನ ಬಿಟ್ಟು ಕೇಳಿದ್ದರಿಂದ ಇದು ನನ್ನ ಕಿವಿಗೆ ಬಿದ್ದಿರಲೇ ಇಲ್ಲ. ಸರಿ, ಎರಡು ಗಂಟೆ ಇದ್ದಿರಬೇಕು, ಕಾರ್ಡು ತಿದ್ದೋಣ ಎಂದುಕೊಂಡೆ. ಆದರೆ ಈ ಸಲ ಊಹೆಯ ಮೇಲೆ ಬರೆಯಲು ಕೈ ಬರಲಿಲ್ಲ. ಅಮಾಲಾರಿಗೆ ಫೋನ್ ಮಾಡಿದೆ.

“ಗಂಟೆಗಳು ಎಷ್ಟಿದ್ವು, ಅಮಾಲಾ?”

“ಎಷ್ಟು ಅಂದ್ರೆ? ಒಂದೇ. ಎಲ್ಲಕ್ಕಿಂತ ಮುಂದೆ ನಡೆಯೋ ಹೇಸರಗತ್ತೆ ಕೊರಳಿಂದು. ಬಾಕಿ ಎಲ್ಲಾ ದಾರೀಲೇ ಹೋಯ್ತು. ಅದೊಂದು ನಮ್ಮ ಜೊತೆ ಬಂತು. ಈಗ ನಮ್ಮನೆ ಬಾಗಿಲಲ್ಲಿ ತೂಗ್ತಾ ಇದೆ. ಯಾಕಮ್ಮಾ?”

“ಸುಮ್ನೆ ಕೇಳ್ದೆ” ಎಂದೆ.

ಮತ್ತೆ ಕೂತು ಗಂಟೆಗಳನ್ನು ಮಾತ್ರ ಒಂದಾದ ಮೇಲೊಂದು ಕೇಳಿದೆ. ಎರಡನೇ ಸೈಡಿನಲ್ಲಿ ಅವು ಸ್ವಲ್ಪಸ್ವಲ್ಪವೇ ಮೇಲೇರುತ್ತ ಹೋಗುತ್ತಿದ್ದವು. ಗಂಟೆಗೆ ವಯಸ್ಸು ಕಡಿಮೆಯಾಗುತ್ತ ಹೋಗುವುದುಂಟೇ? ರೀಲಣ್ಣನನ್ನು ಕರೆದೆ. ಅವರು ಹೆಡ್‌ಫೋನ್ ಹಾಕಿಕೊಂಡು ಕಣ್ಣು ಮುಚ್ಚಿ ಕೇಳಿದರು. ಮುಖದ ನಗು ಹೋಯಿತು.

“ಬ್ಯಾಟರಿ, ಕಾರ್ಡಮ್ಮ.”

“ಅಂದ್ರೆ?”

“ಡೇರೇಲಿ ಕರೆಂಟ್ ಎಲ್ಲಿತ್ತು? ಬ್ಯಾಟರಿ ಮೆಷಿನ್. ಮೊದಲ್ನೇ ಸೈಡ್ ಹಗಲು ಮಾಡಿರ್ತಾರೆ. ಎರಡನೇದು ಹೊತ್ತು ಇಳಿದ ಮೇಲೆ. ಚಳಿಗೆ ಬ್ಯಾಟರಿ ಸೋತಿದೆ, ಮೋಟರ್ ಎಳೆದಾಡ್ಕೊಂಡು ತಿರುಗಿದೆ. ಅದು ನಿಧಾನವಾಗಿ ತುಂಬಿಕೊಂಡಿದ್ದನ್ನ ನಾವಿಲ್ಲಿ ಪೂರ್ತಿ ವೇಗದಲ್ಲಿ ಓಡಿಸ್ತಿದೀವಿ. ಹಾಗೆ ಓಡಿಸಿದ್ರೆ ಗಂಡಸು ಹೆಂಗಸಾಗ್ತಾನೆ, ಹೆಂಗಸು...”

“ಹಾಗಾದ್ರೆ ಆ ಹುಡುಗಿ?”

“ಯಾವ ಹುಡುಗಿ? ಟೇಪಿನಲ್ಲಿ ಹುಡುಗಿ ಇಲ್ಲ ಕಾರ್ಡಮ್ಮ. ಹುಡುಗೀನ ಹೆತ್ತೋರು ನೀವು.”

ಅವರು ತಮಾಷೆಗೇ ಅಂದರು. ನಾನು ಹೋಗಿ ಸಿಂಕಿನ ನಲ್ಲಿ ತಿರುಗಿಸಿ ಮುಖ ತೊಳೆದುಕೊಂಡೆ, ಸುಮಾರು ಹೊತ್ತು.

ಸರಿಪಡಿಸಲು ಬರುತ್ತದೆ ಎಂದರು ರೀಲಣ್ಣ. ಗಂಟೆಯ ಶ್ರುತಿ ಬದಲಾಗುವುದಿಲ್ಲ. ಪ್ರತಿ ಹೊಡೆತದಲ್ಲೂ ಅದು ಎಷ್ಟು ಮೇಲೆ ಹೋಗಿದೆ ಎಂದು ಅಳೆದರೆ, ಅಲ್ಲಿ ಯಂತ್ರ ಎಷ್ಟು ನಿಧಾನವಾಗಿತ್ತು ಎಂದು ತಿಳಿಯುತ್ತದೆ. ಹೊಡೆತಕ್ಕೊಂದು ಅಂಕಿ. ಅದರಂತೆ ಕಂಪ್ಯೂಟರು ಹಾಡನ್ನು ಹಿಗ್ಗಿಸುತ್ತದೆ.

“ಮೊದಲ್ನೇ ಸೈಡಿನ ಮೊದಲ್ನೇ ಹೊಡೆತಾನೇ ಸರಿ ಅಂತ ಇಟ್ಕೊಂಡು ಲೆಕ್ಕ ಹಾಕ್ತೀನಿ” ಎಂದರು.

“ಅದು ಸರಿ ಅಂತ ಯಾರು ಹೇಳಿದ್ರು? ಬ್ಯಾಟರಿ ಶುರುವಲ್ಲೇ ಸೋತಿದ್ರೆ?”

ರೀಲಣ್ಣ ನನ್ನನ್ನೇ ನೋಡಿದರು. “ನಿಮ್ಮ ಅನುಮಾನಕ್ಕೆ ಮದ್ದಿಲ್ಲ ನೋಡಿ. ಆದ್ರೆ ಸರಿಯಾಗೇ ಅನುಮಾನ ಪಟ್ಟಿದ್ದೀರಿ. ಆ ಗಂಟೇನೇ ಬೇಕು.”

ಗಂಟೆ ಬೇಕೆಂದರೆ ಅಮಾಲಾರನ್ನು ಕೇಳಬೇಕು. ಅವರನ್ನು ಕೇಳಬೇಕೆಂದರೆ ಹೇಳಬೇಕು. ಎರಡು ದಿನ ಫೋನಿನ ಹತ್ತಿರ ಹೋಗಿ ಹೋಗಿ ಬಂದೆ. ಮೂರನೆಯ ದಿನ ಬೆಳಿಗ್ಗೆ ನಾನು ನಾಲ್ಕನೇ ಸಲ ಗ್ಯಾಸು ಮುಟ್ಟಿ ನೋಡುತ್ತಿದ್ದಾಗ ನನ್ನಮ್ಮ ಕೇಳಿಯೇಬಿಟ್ಟಳು. ಎಲ್ಲವನ್ನೂ ಹೇಳಿದೆ.

“ಹೇಳದೇ ಇದ್ರೆ ನಿಂಗೆ ನಿದ್ದೆ ಬರಲ್ಲ, ಹೇಳಿದ್ರೆ ಆ ಯಮ್ಮಂಗೆ ಬರಲ್ಲ. ಯಾರಾದ್ರೂ ಒಬ್ರು ಮಲಗಿ ಸಾಯಿರಿ,” ಎಂದಳು ಅಮ್ಮ. ಆಮೇಲೆ ತಟ್ಟೆ ಒರೆಸುತ್ತ, “ಆದ್ರೆ ಒಂದು ಹೇಳು. ಆ ಟೇಪಿನೊಳಗೆ ಆ ಯಮ್ಮನ ತಾಯಿ ಕೂತಿದಾಳೆ. ನೀನು ಆ ತಾಯೀನೇ ಅವಳ ಮಗಳು ಅಂತ ಕರೀತಾ ಇದೀಯ. ಯಾವ ತಾಯಿಗಾದ್ರೂ ಎಷ್ಟು ದಿನ ಹಾಗೆ ಕೂತಿರು ಅನ್ನೋಕಾಗುತ್ತೆ?”

ಆ ದಿನವೇ ಫೋನ್ ಮಾಡಿದೆ. ಗಂಟೆ ತನ್ನಿ, ಬಂದ ಮೇಲೆ ಒಂದು ವಿಷಯ ಹೇಳಬೇಕು ಎಂದೆ.

ಶನಿವಾರ ಮಧ್ಯಾಹ್ನ ಅಜ್ಜಿ, ಮೊಮ್ಮಗಳು ಬಂದರು. ಗಂಟೆ ಟವೆಲಿನಲ್ಲಿತ್ತು. ಅಮಾಲಾರ ಬೆರಳುಗಳು ಟವೆಲಿನೊಳಗೆ ಹೋಗಿ ಅದರ ನಾಲಿಗೆಯನ್ನು ಹಿಡಿದುಕೊಂಡಿದ್ದವು.

“ಬಸ್ಸಲ್ಲಿ ಬರೋವಾಗ್ಲೂ ಹೀಗೇ ಹಿಡ್ಕೊಂಡು ಬಂದಿದಾರೆ. ಬಿಟ್ರೆ ಡ್ರೈವರ್ರು ಸ್ಟಾಪ್ ಬಂತು ಅಂತ ನಿಲ್ಲಿಸಿಬಿಡ್ತಾನಂತೆ!” ಎಂದಳು ಮೊಮ್ಮಗಳು.

“ನಗಬೇಡ. ಮೂರು ಸ್ಟಾಪ್ ಮುಂಚೇನೇ ನಿನ್ನ ಇಳಿಸಿ ಬರ್ತಿದ್ದೆ” ಎಂದರು ಅಮಾಲಾ.

ರೀಲಣ್ಣ ಯಂತ್ರದ ಕೋಣೆಯಲ್ಲಿ ಕುರ್ಚಿ ಹಾಕಿದರು. ನಾನು ನಿಂತೇ ಇದ್ದೆ. ಮನೆಯಲ್ಲಿ ಕಾಗದದ ಮೇಲೆ ಬರೆದು ಅಭ್ಯಾಸ ಮಾಡಿಕೊಂಡು ಬಂದಿದ್ದೆ. ಒಂದು ಸಾಲೂ ಬಾಯಿಗೆ ಬರಲಿಲ್ಲ.

“ಅಮಾಲಾ, ಆ ಕಾರ್ಡು ಬರೆದಿದ್ದು ನಾನು.”

ಅವರ ಮುಖ ಅರಳಿತು. ಅದೇ ನನಗೆ ತಡೆಯಲಾಗದ್ದು. ಅವರು ಏಳಲು ಹೊರಟರು. ನಾನು ಓಡಿಹೋಗಿ ಕೂರಿಸಿದೆ.

“ಕೈ ಮುಗೀಬೇಡಿ. ನಾನು ತಪ್ಪು ಬರೆದೆ. ಎರಡನೇ ಸೈಡಿನಲ್ಲಿ ಹಾಡಿರೋದು ಮಗು ಅಲ್ಲ. ನೀವಲ್ಲ. ಅದೂ ನಿಮ್ಮಮ್ಮಾನೇ ಅಂತ ಈಗ ಅನ್ನಿಸ್ತಿದೆ.”

ಬ್ಯಾಟರಿಯ ವಿಷಯವನ್ನೂ, ಗಂಟೆಯ ಶ್ರುತಿ ಹಿಡಿದು ಹಾಡನ್ನು ಹಿಗ್ಗಿಸುವುದನ್ನೂ ರೀಲಣ್ಣ ವಿವರಿಸಿದರು, ಒಂದು ತಮಾಷೆಯನ್ನೂ ಸೇರಿಸದೆ. ಮೊಮ್ಮಗಳು ಅಜ್ಜಿಯ ಭುಜದ ಮೇಲೆ ಕೈಯಿಟ್ಟಳು. ಅಮಾಲಾ ನನ್ನನ್ನು ನೋಡಲಿಲ್ಲ, ಟವೆಲನ್ನು ನೋಡುತ್ತಿದ್ದರು.

“ಮೂರು ವರ್ಷದಿಂದ ದಿನಾ ನನ್ನ ಮಾತಾಡಿಸ್ತಾ ಇದ್ದೆ,” ಎಂದರು ನಿಧಾನವಾಗಿ. “ಏ ಪುಟ್ಟಿ, ಎದ್ಯಾ ಅಂತ. ಅಮ್ಮ ಮಂಡಿ ಮೇಲೆ ಕೈ ಇಟ್ಟಿದ್ದು ನಂಗೆ ನೆನಪಿದೆಯಲ್ಲ?”

ಅವರು ಟವೆಲನ್ನು ಮಡಿಲಿಗೆ ಎಳೆದುಕೊಂಡರು.

“ಈ ಗಂಟೆ ನಾನು ಬಾರಿಸದೇ ಇದ್ರೆ?”

“ಈಗ ಇರೋ ಹಾಗೇ ಇರುತ್ತೆ,” ಎಂದರು ರೀಲಣ್ಣ. “ನಿಮ್ಮ ಪ್ರತಿ ನಿಮ್ಮದು. ಯಾರೂ ಮುಟ್ಟಲ್ಲ.”

ಅಮಾಲಾರ ಬೆರಳು ನಾಲಿಗೆಯನ್ನು ಇನ್ನೂ ಬಿಗಿಯಾಗಿ ಹಿಡಿದದ್ದು ಟವೆಲಿನ ಮೇಲಿಂದಲೇ ಕಾಣುತ್ತಿತ್ತು. ಅದನ್ನು ಅವರು ಹಿಡಿದಿರುವವರೆಗೆ ಆ ಹುಡುಗಿ ಇರುತ್ತಾಳೆ. ಬಿಟ್ಟರೆ ಇರುವುದಿಲ್ಲ. ಕೋಣೆಯಲ್ಲಿದ್ದ ನಾಲ್ವರಿಗೂ ಅದು ಗೊತ್ತಿತ್ತು. ಬೇಡ ಅನ್ನಲಿ ಎಂದು ನನ್ನ ಮನಸ್ಸು ಒಂದು ಗಳಿಗೆ ಬೇಡಿಕೊಂಡಿತು. ಇದನ್ನೂ ಹೇಳಿಬಿಡುವುದು ಒಳ್ಳೆಯದು.

“ಅಮ್ಮ ಅದರೊಳಗೆ ಎಷ್ಟಿದಾಳೆ?” ಎಂದು ಕೇಳಿದರು ಅಮಾಲಾ.

“ಅಂದ್ರೆ?”

“ಹಿಗ್ಗಿಸ್ತೀವಿ ಅಂದ್ರಲ್ಲ. ಎಷ್ಟು ಜಾಸ್ತಿ ಆಗ್ತಾಳೆ?”

ರೀಲಣ್ಣ ಮೊದಲೇ ಅಂದಾಜು ಮಾಡಿದ್ದರು. “ಈಗ ಇಪ್ಪತ್ತು ನಿಮಿಷ ಇದೆ. ಮೂವತ್ತೊಂದು ಆಗಬಹುದು.”

“ಹನ್ನೊಂದು ನಿಮಿಷ.” ಅವರು ಮೊಮ್ಮಗಳ ಕಡೆ ತಿರುಗಿದರು. “ಹನ್ನೊಂದು ನಿಮಿಷ ಅಮ್ಮ ಒಳಗೇ ಇದ್ಲು ಕಣೇ.”

ಟವೆಲು ತೆಗೆದರು. ಮುಷ್ಟಿಗಿಂತ ಸ್ವಲ್ಪ ದೊಡ್ಡ ಹಿತ್ತಾಳೆಯ ಗಂಟೆ. ಅಂಚು ಸವೆದಿತ್ತು, ಕೊರಳ ಪಟ್ಟಿ ಹಾದುಹೋಗುವ ಬಳೆ ಹೊಳೆಯುತ್ತಿತ್ತು. ಅದನ್ನು ಎತ್ತಿ ಹಿಡಿದು ಬೆರಳು ಬಿಟ್ಟರು.

ಆ ಸದ್ದು ನಾನು ಟೇಪಿನಲ್ಲಿ ಕೇಳಿದ್ದ ಯಾವ ಗಂಟೆಯದೂ ಆಗಿರಲಿಲ್ಲ. ಮೊದಲ ಸೈಡಿನ ಮೊದಲ ಹೊಡೆತಕ್ಕಿಂತಲೂ ಒಂದು ಎಳೆ ತಗ್ಗು. ರೀಲಣ್ಣ ಪರದೆಯ ಮೇಲೆ ಅಂಕಿ ನೋಡಿ, ಮಾತಾಡದೆ ನನ್ನ ಕಡೆ ಬೆರಳೆತ್ತಿ ತೋರಿಸಿದರು. ನನ್ನ ಅನುಮಾನ ಸರಿಯಿತ್ತು ಎಂದು ಅದರರ್ಥ. ಗಂಟೆ ಮಾತ್ರ ನಿಲ್ಲದೆ ತೆಳುವಾಗುತ್ತ ಕಪಾಟುಗಳ ಕೋಣೆಯವರೆಗೂ ಹೋಯಿತು. ಅಲ್ಲಿ ಸಾವಿರಾರು ಟೇಪುಗಳು ಸುಮ್ಮನೆ ಕೂತಿದ್ದವು. ಅವೆಲ್ಲ ಕೇಳಿಸಿಕೊಳ್ಳುತ್ತಿವೆ ಎಂದು ನನಗೆ ಅನ್ನಿಸಿತು. ಹೀಗೆಲ್ಲ ಬರೆಯಬಾರದು, ಗೊತ್ತು. ಆದರೆ ಅನ್ನಿಸಿದ್ದು ಹಾಗೆಯೇ.

ಕಂಪ್ಯೂಟರಿಗೆ ಹತ್ತು ನಿಮಿಷ ಬೇಕಾಯಿತು. ಯಾರೂ ಚಹಾ ಕುಡಿಯಲಿಲ್ಲ. ಆಮೇಲೆ ರೀಲಣ್ಣ ಎರಡನೇ ಸೈಡನ್ನು ಹಾಕಿದರು.

ಮೊದಲು ಬಂದದ್ದು ಗಾಳಿ. ಇಷ್ಟು ವರ್ಷ ಕೀಚುಗುಟ್ಟುವ ಗಲಾಟೆಯಾಗಿದ್ದದ್ದು ಈಗ ಡೇರೆಯ ಬಟ್ಟೆಯನ್ನು ಎತ್ತಿ ಎತ್ತಿ ಬಡಿಯುವ ಭಾರವಾದ ಗಾಳಿಯಾಗಿತ್ತು. ಆಮೇಲೆ ಒಂದು ಉಸಿರು. ಆಮೇಲೆ ದನಿ.

ಹೇಗೆ ಹೇಳಲಿ. ಹಗ್ಗದಾಟದ ಹಾಡು ಹೋಗಿತ್ತು. ಆ ಜಾಗದಲ್ಲಿ ಒಬ್ಬ ಪೂರ್ತಿ ಹೆಂಗಸು ಕೂತಿದ್ದಳು. ಬೆನ್ನಮೇಲೆ ಹೊರೆಯಿಟ್ಟುಕೊಂಡು ಏರು ಹತ್ತುವವಳ ಉಸಿರಿನ ಲಯ. ಒಂದು ಸಾಲು, ಒಂದು ಹೆಜ್ಜೆ. ಒಂದು ಸಾಲು, ಒಂದು ಹೆಜ್ಜೆ. ಮುಂದಿನ ಹೆಸರು ಬರುವ ಮುಂಚೆ ದನಿ ತಡೆದು ನಿಲ್ಲುತ್ತಿತ್ತು, ಏರಿನ ತುದಿಯಲ್ಲಿ ನಿಂತು ಆಚೆ ನೋಡುವವರ ಹಾಗೆ. ಆಮೇಲೆ ಹೆಸರು. ಆಮೇಲೆ ಗಂಟೆ, ನಮ್ಮೆದುರು ಮೇಜಿನ ಮೇಲಿದ್ದ ಅದೇ ಗಂಟೆ, ಅದೇ ಶ್ರುತಿ. ಮೇಜಿನ ಮೇಲಿನದು ಅದಕ್ಕೆ ಸಣ್ಣಗೆ ಅದುರಿತು ಎಂದು ರೀಲಣ್ಣ ಆಮೇಲೆ ಆಣೆ ಮಾಡಿ ಹೇಳಿದರು. ನಾನು ನೋಡಲಿಲ್ಲ. ನಾನು ಅಮಾಲಾರನ್ನು ನೋಡುತ್ತಿದ್ದೆ.

ಅವರು ಮೊದಲ ಸಾಲಿಗೇ ಬಾಗಿಲ ಕಡೆ ತಿರುಗಿದ್ದರು, ಯಾರೋ ಒಳಗೆ ಬಂದರೆಂಬಂತೆ. ಮುಖದ ಮೇಲೆ ಸಂತೋಷವಿರಲಿಲ್ಲ. ಆ ಸೈಡಿನ ಎರಡನೇ ಹೆಸರಿನ ಹೊತ್ತಿಗೆ ನನ್ನ ಕಡೆ ನೋಡಿ, ಮಗು ಕೇಳುವ ಹಾಗೆ ಕೇಳಿದರು:

“ನನ್ನನ್ನ ಎಲ್ಲಿ ಬಿಟ್ರಿ?”

ನಾನು ಅತ್ತೆ. ಅವರು ಅಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅವರ ಪಾದ ನೆಲದ ಮೇಲೆ ಸಣ್ಣಗೆ ಕದಲತೊಡಗಿತು. ಎಡ, ಬಲ. ಅದು ಹಾಡಿನ ಲಯವಾಗಿತ್ತು. ಹೆಸರುಗಳು ಸ್ಪಷ್ಟವಾಗಿ ಬರುತ್ತಿದ್ದವು. ಭಾಷೆ ಬಲ್ಲವರಿಗೆ ತೊದಲಾಗಿ ಕೇಳಿಸಿದ್ದ ಈ ಸೈಡಿನ ಹದಿನಾಲ್ಕು ಜಾಗಗಳೂ ಒಂದೊಂದಾಗಿ ಮುಂದೆ ಬಂದು ನಿಲ್ಲತೊಡಗಿದವು. ಮೊಮ್ಮಗಳು ಅವುಗಳನ್ನು ತುಟಿಯಲ್ಲೇ ಹೇಳಿಕೊಳ್ಳುತ್ತ ಆಸ್ಪತ್ರೆಯ ಚೀಟಿಯೊಂದರ ಹಿಂದೆ ಬರೆದುಕೊಳ್ಳುತ್ತಿದ್ದಳು. “ಅಜ್ಜಿ, ಇದು ಹಿಮ ಕರಗೋ ಜಾಗ ಅಂತೆ” ಎಂದು ಪಿಸುಗುಟ್ಟಿದಳು. ಅಜ್ಜಿ ಸುಮ್ಮನಿರು ಎಂದು ಕೈ ತೋರಿಸಿದರು.

ಇಪ್ಪತ್ತಮೂರನೇ ಹೆಸರಿಗೆ ಮುಂಚೆ ಗಂಟೆ ತಪ್ಪಿ ಬಾರಿಸಿತು. ಹೆಸರು ಬರುವ ಮೊದಲೇ, ಎರಡು ಸಲ. ಹಾಡು ನಿಂತಿತು. ದನಿ ಏನೋ ಅಂದಿತು, ಹಾಡಿನ ದನಿಯಲ್ಲಲ್ಲ, ಮನೆಯ ದನಿಯಲ್ಲಿ. ಕೊನೆಯಲ್ಲಿ ಒಂದು ಚಿಕ್ಕ ನಗು. ಹಳೆಯ ಪ್ರತಿಯಲ್ಲಿ ಆ ಜಾಗ ಹಕ್ಕಿ ಚಿಲಿಪಿಲಿಗುಟ್ಟಿದಂತೆ ಇತ್ತು. ನಾನು ಅದನ್ನು ಕಾರ್ಡಿನಲ್ಲಿ ‘ಗದ್ದಲ’ ಎಂದು ಬರೆದಿದ್ದೆ.

“ನಿಲ್ಲಿಸಿ,” ಎಂದರು ಅಮಾಲಾ. “ಹಿಂದೆ ಹಾಕಿ.”

ರೀಲಣ್ಣ ಮೂರು ಸಲ ಹಾಕಿದರು.

“ಏನಂತಾರೆ?” ಎಂದು ಕೇಳಿದೆ.

“‘ಈಗ ಬೇಡ, ಈಗ ಬೇಡ, ಇನ್ನೂ ಬಂದಿಲ್ಲ’ ಅಂತಾಳೆ. ಊರು ಇನ್ನೂ ಬಂದಿಲ್ಲ, ಆಗಲೇ ಬಾರಿಸಿಬಿಟ್ಟೆಯಲ್ಲ ಅಂತ.” ಅಮಾಲಾ ಗಂಟೆಯನ್ನು ಮುಟ್ಟಿದರು. “ಅಮ್ಮನ ಎರಡು ಕೈಯಲ್ಲೂ ಉಣ್ಣೆ ಇರ್ತಿತ್ತು. ಹಾಡೋವಾಗ್ಲೂ ನೂಲ್ತಿದ್ಲು. ಗಂಟೆ ಬಾರಿಸಿದ್ದು ಅವಳಲ್ಲ.”

ಮೊಮ್ಮಗಳೇ ಮೊದಲು ಹೇಳಿದ್ದು:

“ಅಜ್ಜಿ! ಹಾಗಾದ್ರೆ ನೀವೇ! ಮನೇಲಿ ಯಾವ ಕೆಲಸಾನೂ ಟೈಮಿಗೆ ಮುಂಚೆ ಮಾಡೋದು ನೀವೇ ಅಲ್ವಾ!”

ಅಮಾಲಾ ನಕ್ಕರು. ಆ ದಿನದ ಮೊದಲ ನಗು ಅದು. ನನಗೆ ಜೀವ ಬಂದಂತಾಯಿತು. ಆಗಲೇ ನನ್ನ ಕೈ ಪೆನ್ನಿಗೆ ಹೋಗಿತ್ತು. ‘ಗಂಟೆ: ಮಗಳು, ಏಳು ವರ್ಷ.’ ಬರೆದುಬಿಟ್ಟರೆ ತೆಗೆದುಕೊಂಡದ್ದನ್ನು ಹಿಂದೆ ಕೊಟ್ಟಹಾಗಾಗುತ್ತದೆ. ಹುಡುಗಿ ಮತ್ತೆ ಟೇಪಿನೊಳಗೆ ಬರುತ್ತಾಳೆ, ಈ ಸಲ ಗಂಟೆ ಹಿಡಿದುಕೊಂಡು.

“ಏನು ಬರೀತಿದೀರ?” ಎಂದು ಕೇಳಿದರು ಅಮಾಲಾ.

“ಗಂಟೆ ನೀವು ಬಾರಿಸಿದ್ದು ಅಂತ...”

“ನಾನೇ ಇರಬಹುದು. ಅಣ್ಣಾನೂ ಇರಬಹುದು. ನನಗಿಂತ ಎರಡು ವರ್ಷ ದೊಡ್ಡೋನು. ಗಂಟೇನ ಯಾರ ಕೈಗೂ ಕೊಡ್ತಿರಲಿಲ್ಲ. ಮುಂದಿನ ಹೇಸರಗತ್ತೆ ಹಿಡೀತಿದ್ದೋನು ಅವನೇ. ಈಗಿಲ್ಲ, ಕೇಳೋಕೆ.” ಅವರು ಗಂಟೆಯ ಸವೆದ ಅಂಚನ್ನು ಬೆರಳಿನಿಂದ ಸವರಿದರು. “ಮಂಡಿ ಮೇಲೆ ಕೈ ಇಟ್ಟಿದ್ದು ಹೇಗೆ ನೆನಪಾಯ್ತೋ ಇದೂ ಹಾಗೇ ನಾಳೆ ನೆನಪಾಗಿಬಿಡುತ್ತೆ ನಂಗೆ. ಈಗ ನೆನಪಿಲ್ಲ. ಇರೋದನ್ನ ಬರೀರಿ.”

“ಏನಂತ?”

“ಗೊತ್ತಿಲ್ಲ ಅಂತ. ಬರೆಯೋಕೆ ಬರಲ್ವಾ ನಿಮಗೆ?”

“ಅದೊಂದು ಬಿಟ್ಟು ಎಲ್ಲಾ ಬರುತ್ತೆ ಅವರಿಗೆ,” ಎಂದರು ರೀಲಣ್ಣ.

ಬರೆದೆ. ಹಳೆಯ ಕಾರ್ಡನ್ನು ಹರಿಯಲಿಲ್ಲ. ತಪ್ಪನ್ನೂ ಇಟ್ಟುಕೊಳ್ಳಬೇಕು ಎಂಬುದು ನಮ್ಮ ಇನ್ನೊಂದು ನಿಯಮ. ಅದರ ಮೇಲೆ ಒಂದು ಗೆರೆ ಎಳೆದು, ಹಿಂದೆ ಹೊಸದನ್ನು ಸೇರಿಸಿದೆ. ‘ಎರಡನೇ ಸೈಡು: ಮೊದಲ ಸೈಡಿನ ಗಾಯಕಿಯೇ. ಗಂಟೆ: ಯಾರು, ತಿಳಿಯದು.’ ಉಳಿದ ಐದು ಜಾಗಗಳನ್ನು ಕೊನೆಯವರೆಗೂ ಕೇಳಿದೆವು. ಇಪ್ಪತ್ತೇಳನೇ ಹೆಸರಿನ ಗಂಟೆ ಬಾರಿಸಿದ ಮೇಲೂ ಯಂತ್ರ ಓಡುತ್ತಿದ್ದುದರಿಂದ ಅರ್ಧ ನಿಮಿಷ ಗಾಳಿ ಇತ್ತು. ಅದು ಮುಗಿಯುವವರೆಗೂ ಯಾರೂ ಏಳಲಿಲ್ಲ.

ಹೊರಡುವಾಗ ಅಮಾಲಾ ಗಂಟೆಯನ್ನು ಟವೆಲಿನಲ್ಲಿ ಸುತ್ತಿದರು. ಹಳೆಯ ಪ್ರತಿ, ಹೊಸ ಪ್ರತಿ ಎರಡನ್ನೂ ಮೊಬೈಲಿಗೆ ಹಾಕಿಸಿಕೊಂಡರು. ನನ್ನನ್ನು ಕ್ಷಮಿಸಿದೆ ಅನ್ನಲಿಲ್ಲ, ಕೈಯೂ ಮುಗಿಯಲಿಲ್ಲ. ಮೆಟ್ಟಿಲಿಳಿಯುವಾಗ ಟವೆಲಿನೊಳಗಿಂದ ಹೆಜ್ಜೆಗೊಂದು ಸಣ್ಣ ಸದ್ದು ಕೇಳಿಸಿತು. ಈ ಸಲ ಅವರು ನಾಲಿಗೆ ಹಿಡಿದಿರಲಿಲ್ಲ.

ಅವರು ಬೆಳಿಗ್ಗೆ ಈಗ ಯಾವ ಪ್ರತಿಯನ್ನು ಕೇಳುತ್ತಾರೆ ಎಂದು ನಾನು ಕೇಳಿಲ್ಲ. ಆ ಇಪ್ಪತ್ತೇಳು ಜಾಗಗಳು ಇವತ್ತು ಅದೇ ಹೆಸರಿನಲ್ಲಿ ಇವೆಯೋ ಇಲ್ಲವೋ ನಮಗೆ ತಿಳಿದಿಲ್ಲ. ಇಪ್ಪತ್ತಮೂರನೇ ಜಾಗ ಬರುವ ಮೊದಲೇ ಅವಸರಪಟ್ಟು ಗಂಟೆ ಬಾರಿಸಿದ ಕೈ ಯಾರದೋ, ಅದೂ ತಿಳಿದಿಲ್ಲ.